ಮೂರನೆಯ ಕರೆಯ ಮೇಲೆ

ನ್ಯಾಲುಂಗು ಹಗಲು ಹೊತ್ತು ತನ್ನ ಮನೆಯ ಬಾಗಿಲು ಮುಚ್ಚುವುದನ್ನು ಬಿಟ್ಟು ಐದು ತಿಂಗಳಾಗಿತ್ತು.

ಬೆಳಗಾದರೆ ಸಾಕು, ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಹರಿದ ಬಲೆಯ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದು ಕಟ್ಟಿಬಿಡುತ್ತಿದ್ದಳು. ನೀರಿಗೆ ಹೋದರೂ, ಮರಗೆಣಸಿನ ಹೊಲಕ್ಕೆ ಹೋದರೂ ಮನೆ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಸರೋವರದ ಕಡೆಯ ಗಾಳಿ ಮರಳು ತಂದು ಒಳಗೆ ಸುರಿಯುತ್ತಿತ್ತು. ಎಷ್ಟು ಗುಡಿಸಿದರೂ ಮುಗಿಯದು. ಪಕ್ಕದ ಮನೆಯ ಕೋಳಿಗಳಿಗೆ ಮಾತ್ರ ಇದರಿಂದ ಒಳ್ಳೆಯದೇ ಆಯಿತು.

"ಅಕ್ಕಾ, ನಿನ್ನ ಹಾಸಿಗೆ ಮೇಲೆ ನಮ್ಮ ಕೋಳಿ ಕಾವಿಗೆ ಕೂತಿದೆ ಕಣೇ," ಎಂದಳು ಪಕ್ಕದ ಮನೆಯ ಲೋನೆಸ್, ಒಳಗೆ ಇಣುಕಿ. "ಗಂಡ ಸತ್ತು ಆರು ವರ್ಷ ಆದ್ಮೇಲೆ ಈಗ ಕೋಳಿ ಜೊತೆ ಸಂಸಾರಾನಾ?"

"ಕೂತ್ಕೊಳ್ಳಲಿ ಬಿಡೇ. ನಿನ್ನ ಮನೇಲಿ ಮೊಟ್ಟೆ ಇಟ್ಟ ತಕ್ಷಣ ಬೇಯ್ಸಿ ತಿಂತೀಯ. ಅದಕ್ಕೂ ಬುದ್ಧಿ ಇದೆ."

"ಬಾಗಿಲು ಹಾಕ್ಕೊಂಡ್ರೆ ನಿಂಗೇನು ಬರುತ್ತೆ?"

"ಸೆಕೆ."

"ಜುಲೈ ಚಳೀಲಿ ಸೆಕೆನಾ! ನನ್ನ ಮೊಣಕಾಲು ಗಡಗಡ ಅಂತಿದೆ, ಇವಳಿಗೆ ಸೆಕೆಯಂತೆ." ಲೋನೆಸ್ ಕೋಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನಗುತ್ತ ಹೋದಳು. ಹಿತ್ತಲಿನ ಜೊಂಡಿನ ಬೇಲಿ ದಾಟುವಾಗ ಒಮ್ಮೆ ತಿರುಗಿ ನೋಡಿದಳು. ಆಗ ಅವಳ ಮುಖದಲ್ಲಿ ನಗು ಇರಲಿಲ್ಲ.

ಸೆಕೆಯಲ್ಲ. ಬಾಗಿಲು ಮುಚ್ಚಿ ಹೋದರೆ, ಬರುವಾಗ ಅದನ್ನು ತೆರೆಯಬೇಕಾಗುತ್ತಿತ್ತು. ತಲೆಯ ಮೇಲೆ ಬಿಂದಿಗೆ ಹೊತ್ತು ಬಂದು, ಅಗುಳಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ, ಯಾರೂ ಇಲ್ಲದ ಮನೆಯ ಒಳಗಿಂದ ಒಂದು ದನಿ ಬರುತ್ತಿತ್ತು. "ಹೋಡಿನಿ."

ಮಲಾವಿ ಸರೋವರದ ಆ ದಂಡೆಯಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ನಿಂತು 'ಹೋಡಿ' ಎಂದು ಕೂಗಬೇಕು. ಒಳಗಿನವರು 'ಹೋಡಿನಿ' ಎನ್ನುತ್ತಾರೆ. ಬಾ, ಒಳಗೆ ಬಾ ಎಂದು. ಆ ಮಾತು ಬೀಳದೆ ಒಡಹುಟ್ಟಿದವನಾಗಲಿ, ಪಾದ್ರಿಯಾಗಲಿ ಹೊಸಿಲು ದಾಟುವಂತಿಲ್ಲ. ಮೂರು ಸಲ ಕೂಗಬೇಕು. ಮೂರನೆಯ ಕರೆಗೂ ಉತ್ತರವಿಲ್ಲವೆಂದರೆ ಬಂದ ದಾರಿ ಹಿಡಿಯಬೇಕು. ಆಮೇಲೆ ಯಾರೂ ನಿನ್ನನ್ನು ದೂರುವಂತಿಲ್ಲ. ಹೋಡಿ ಎನ್ನದೆ ಒಳಗೆ ನುಗ್ಗುವವರು ಇಬ್ಬರೇ, ಕಳ್ಳ ಮತ್ತು ಕೋಳಿ, ಎಂದು ಅಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ.

ನ್ಯಾಲುಂಗುವಿಗೆ ಕೇಳಿಸುತ್ತಿದ್ದುದು ನರಳುವ ದನಿಯಲ್ಲ, ದೂರುವ ದನಿಯೂ ಅಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಿರುವ ಹೆಂಗಸು, ಎದ್ದು ಬರಲಾಗದೆ, ಬಂದ ನೆಂಟರನ್ನು ಕೂತಲ್ಲಿಂದಲೇ ಕರೆಯುತ್ತಾಳಲ್ಲ, ಹಾಗಿತ್ತು. ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಮೊದಮೊದಲು ತನ್ನ ಮನೆಯ ಬಾಗಿಲಲ್ಲಿ ಮಾತ್ರ. ಆಮೇಲೆ ಚರ್ಚಿನ ಉಗ್ರಾಣದ ಬಾಗಿಲಲ್ಲಿ. ಆಮೇಲೆ ಹಿಟ್ಟಿನ ಗಿರಣಿಯ ಮುಚ್ಚಿದ ತಗಡಿನ ಬಾಗಿಲ ಹಿಂದಿನಿಂದ. ಮುಚ್ಚಿದ ಬಾಗಿಲು ಕಂಡರೆ ಅವಳು ದಾರಿ ಬಳಸಿಕೊಂಡು ಹೋಗತೊಡಗಿದಳು.

ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ನ್ಯಾಹಾರಾಳದು.

ಅವರಿಬ್ಬರೂ ಹುಡುಗಿಯರಾಗಿದ್ದಾಗಲೇ ಒಂದೇ ದಿನ ದೀಕ್ಷಾಸ್ನಾನ ಪಡೆದವರು. ಚರ್ಚಿನ ಮಹಿಳಾ ಸಂಘದಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು. ನ್ಯಾಹಾರಾಳ ಗಂಡ ದೋಣಿಯೊಂದಿಗೆ ಮುಳುಗಿ ಹೋದ ಮೇಲೆ ಅವಳು ಮನೆಯ ಹಿಂದೆ ಭಟ್ಟಿ ಹೂಡಿದಳು. ಜೋಳದ ತೌಡು, ಸಕ್ಕರೆ, ಒಂದು ಡ್ರಮ್ಮು, ಒಂದು ಕೊಳವೆ. ಮಗಳನ್ನು ಗುಡ್ಡದ ಮೇಲಿನ ಊರಿನ ಶಾಲೆಗೆ ಕಳಿಸಿದ್ದು ಆ ಕೊಳವೆಯಿಂದ ಇಳಿದ ಸಾರಾಯಿಯೇ. ಸಂಘ ಮೂರು ಸಲ ಎಚ್ಚರಿಸಿತು. ಕೊನೆಗೆ ಸಂಘದ ಮುಖ್ಯಸ್ಥೆಯಾಗಿ ನ್ಯಾಲುಂಗುವೇ ಎದ್ದು ನಿಂತು ಎಲ್ಲರ ಮುಂದೆ ಅವಳ ಹೆಸರು ಓದಿ, ಹೊರಗಿಟ್ಟಿದ್ದೇವೆ ಎಂದಳು.

ನ್ಯಾಹಾರಾ ಅಳಲಿಲ್ಲ. ಸಂಘದ ಬಿಳಿಯ ತಲೆವಸ್ತ್ರ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಬೆಂಚಿನ ಮೇಲಿಟ್ಟಳು. "ನಿಮ್ ಗಂಡಂದಿರು ಕುಡಿಯೋದು ಬಿಡ್ಲಿ, ನಾನೂ ಇಳಿಸೋದು ಬಿಡ್ತೀನಿ," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಹೊರಗೆ ನಡೆದಳು.

ಈ ವರ್ಷ ಫೆಬ್ರವರಿಯ ಮಳೆಯಲ್ಲಿ ದಂಡೆಯ ಊರುಗಳಿಗೆ ಕಾಲರಾ ಬಂತು. ಜನ ಸೇರಬಾರದೆಂದು ಚರ್ಚಿಗೆ ಬೀಗ ಬಿತ್ತು. ಆಗ ಹೆಂಗಸರನ್ನು ಮಾವಿನ ಮರದ ಕೆಳಗೆ ದೂರದೂರ ಕೂರಿಸಿ ಮಾತಾಡಿದವಳು ನ್ಯಾಲುಂಗುವೇ. "ಬೀಗ ಬಿದ್ದಿರೋದು ಹೆಂಚಿಗೂ ಗೋಡೆಗೂ. ನಮ್ಮ ಕಾಲಿಗೆ ಯಾರೂ ಬೀಗ ಹಾಕಿಲ್ಲ. ಇನ್ಮೇಲೆ ನಮ್ಮ ಕಾಲೇ ಚರ್ಚು, ನಮ್ಮ ಕೈಯೇ ಚರ್ಚು." ಆ ಮಾತು ಊರೂರು ಸುತ್ತಿತು. ಹೆಂಗಸರು ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕಲಸಿ, ಕ್ಯಾನುಗಳಲ್ಲಿ ಹೊತ್ತು, ಮನೆ ಮನೆಗೆ ಹೋದರು. ಎಷ್ಟೋ ಜೀವ ಉಳಿದವು. ಇದು ಸುಳ್ಳಲ್ಲ. ಇದನ್ನು ನೆನೆದಾಗಲೆಲ್ಲ ನ್ಯಾಲುಂಗುವಿನ ಎದೆಯಲ್ಲಿ ಮುಳ್ಳು ಆಡುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಅವಳೂ ಲೋನೆಸಳೂ ದಂಡೆಯ ಕೊನೆಯವರೆಗೆ ಹೋದರು. ಇನ್ನು ಉಳಿದಿದ್ದುದು ನ್ಯಾಹಾರಾಳ ಮನೆ ಮಾತ್ರ.

"ಆ ಭಟ್ಟಿ ಮನೆಗೆ ನಾನು ಬರಲ್ಲಪ್ಪ. ಅವಳ ಸಾರಾಯಿ ವಾಸನೆಗೆ ಕಾಲರಾನೇ ಅಮಲೇರಿ ಬಿದ್ದಿರುತ್ತೆ," ಎಂದು ಲೋನೆಸ್ ಮೇಲಿನ ದಾರಿಯಲ್ಲೇ ನಿಂತಳು.

ನ್ಯಾಲುಂಗು ಒಬ್ಬಳೇ ಇಳಿದು ಹೋದಳು. ಬಾಗಿಲು ಮುಚ್ಚಿತ್ತು. "ಹೋಡಿ," ಎಂದಳು. ಉತ್ತರವಿಲ್ಲ. "ಹೋಡಿ." ಒಳಗೆ ಏನೋ ಸರಿದಂತಾಯಿತು, ಇಲಿಯಿರಬಹುದು. ಮೂರನೆಯ ಸಲ ಕೂಗಿದಳು. ತುಸು ಹೊತ್ತು ಕಳೆಯಿತು. ಆಮೇಲೆ ಒಳಗಿನಿಂದ, ನೆಲದ ಮಟ್ಟದಿಂದ, ಸಣ್ಣಗೆ, ಆದರೆ ಸ್ಪಷ್ಟವಾಗಿ ಬಂತು: "ಹೋಡಿನಿ."

ಅವಳ ಕೈಯಲ್ಲಿ ನೀರಿನ ಕ್ಯಾನು ಇತ್ತು. ಬಾಗಿಲು ಮೂರು ಹೆಜ್ಜೆ ದೂರವಿತ್ತು. ಮೇಲಿನ ದಾರಿಯಲ್ಲಿ ಲೋನೆಸ್ ಜೊತೆ ಯಾರೋ ಬಂದು ನಿಂತ ಮಾತು ಕೇಳಿಸಿತು. ತಲೆಯ ಮೇಲಿನ ಬಿಳಿ ವಸ್ತ್ರ ಬಿಸಿಲಿನಲ್ಲಿ ದೂರದವರೆಗೂ ಕಾಣುತ್ತದೆ ಎಂಬುದು ನೆನಪಾಯಿತು. ಒಳಗಿನಿಂದ ಬರುತ್ತಿದ್ದ ವಾಸನೆ ಸಾರಾಯಿಯದಲ್ಲ, ಬೇರೆ, ಅದು ಆ ವಾರವೆಲ್ಲ ಅವಳಿಗೆ ಪರಿಚಯವಾಗಿದ್ದ ವಾಸನೆ ಎಂಬುದೂ ತಿಳಿಯಿತು. ನಾಲಿಗೆಗಳಿಗೆ ಹೆದರಿದಳೋ ರೋಗಕ್ಕೆ ಹೆದರಿದಳೋ, ಅವಳಿಗೇ ಗೊತ್ತಿಲ್ಲ. ಆಮೇಲೆ ಸಾವಿರ ಸಲ ಯೋಚಿಸಿದ್ದಾಳೆ, ಗೊತ್ತಾಗಿಲ್ಲ. ಗೊತ್ತಿರುವುದಿಷ್ಟೇ: ಕಾಲು ತಿರುಗಿದವು.

"ಏನಂತೆ?" ಎಂದಳು ಲೋನೆಸ್.

"ಮೂರು ಸಲ ಕೂಗಿದೆ. ಯಾರೂ ಮಾತಾಡ್ಲಿಲ್ಲ. ಎಲ್ಲೋ ಹೋಗಿರ್ಬೇಕು."

ಮರುದಿನ ಜೊಂಡು ಕೊಯ್ಯುವವರು ನ್ಯಾಹಾರಾಳನ್ನು ಕಂಡರು. ಬಾಗಿಲಿನ ಒಳಬದಿಯಲ್ಲಿ, ಹೊಸಿಲಿಗೆ ತಲೆಯಿಟ್ಟು ಬಿದ್ದಿದ್ದಳು. ಕೈ ಬಾಗಿಲ ಕೆಳ ಅಂಚನ್ನು ಹಿಡಿದಿತ್ತು. ಚಾಪೆಯಿಂದ ಅಲ್ಲಿಯವರೆಗೆ ತೆವಳಿಕೊಂಡು ಬಂದಿದ್ದಳು.

ಅವಳ ಮಗಳು ತಾವೊಂಗಾಗೆ ಹದಿನೆಂಟು. ಗುಡ್ಡದ ಮೇಲಿನ ಊರಿನಿಂದ ಇಳಿದು ಬರುವಷ್ಟರಲ್ಲಿ ಆರೋಗ್ಯ ಇಲಾಖೆಯವರು ದೇಹವನ್ನು ಚೀಲದಲ್ಲಿ ಸುತ್ತಿ ಮಣ್ಣು ಮಾಡಿಯಾಗಿತ್ತು. ಹುಡುಗಿ ಮರಳಿನಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದಳಂತೆ: "ಒಬ್ರೂ ಬರ್ಲಿಲ್ವಾ? ಒಬ್ಬರಾದ್ರೂ?" ಜನ ಹೇಳಿದರು, ಯಾಕೆ ಬರಲಿಲ್ಲ, ನ್ಯಾಲುಂಗು ಬಂದಿದ್ದಳು, ಮೂರು ಸಲ ಕೂಗಿದಳು, ಅಷ್ಟರಲ್ಲಿ ಪ್ರಾಣ ಹೋಗಿತ್ತು.

ಮಾರನೆಯ ವಾರ ತಾವೊಂಗಾ ನ್ಯಾಲುಂಗುವಿನ ಅಂಗಳಕ್ಕೆ ಬಂದು ಮಂಡಿಯೂರಿ, ಎರಡೂ ಕೈ ತಟ್ಟಿ ಕೃತಜ್ಞತೆ ಹೇಳಿದಳು. ಅವಳ ಹೆಸರಿನ ಅರ್ಥವೂ ಅದೇ, ನಾವು ಕೃತಜ್ಞರು ಎಂದು. "ಊರೆಲ್ಲ ಬಿಟ್ಟಿತ್ತು ನಮ್ಮನೇನ. ನೀವೊಬ್ರು ಬಾಗಿಲವರೆಗೆ ಬಂದ್ರಲ್ಲಮ್ಮ. ನನಗೆ ಅಷ್ಟು ಸಾಕು."

ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ತೆರೆದಳು, ಹುಡುಗಿ ಅವಳ ಮಡಿಲಿಗೆ ತಲೆಯಿಟ್ಟು ಅತ್ತಳು, ಬಾಯಿ ಮುಚ್ಚಿಕೊಂಡಿತು.

ಅಂದಿನಿಂದ ವಾರಕ್ಕೊಂದು ಸಲ ತಾವೊಂಗಾ ಒಣಗಿಸಿದ ಉಸಿಪಾ ತರುತ್ತಿದ್ದಳು. ಬೆರಳುದ್ದದ ಬೆಳ್ಳಿಯಂಥ ಮೀನು. ಭಟ್ಟಿಯ ಡ್ರಮ್ಮನ್ನು ಮಾರಿ, ಆ ಮನೆಯಲ್ಲೇ ಒಬ್ಬಳೇ ಇದ್ದುಕೊಂಡು, ದೋಣಿಯವರಿಂದ ಮೀನು ಕೊಂಡು ಒಣಗಿಸುತ್ತಿದ್ದಳು. ಬಂದಾಗ ನ್ಯಾಲುಂಗುವಿನ ಮನೆಯ ಮರಳು ಗುಡಿಸುವಳು, ಬಿಸಿ ಮುದ್ದೆ ತಿನ್ನುವಳು, ಕೂದಲು ಹೆಣೆಸಿಕೊಳ್ಳುವಳು. ನ್ಯಾಲುಂಗುವಿನ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ದೂರ ಹೋಗಿದ್ದರು. ಆ ತಲೆಯ ಬಿಸಿ ತನ್ನ ಮೊಣಕಾಲಿಗೆ ತಾಗಿದಾಗ ಅವಳ ಜೀವಕ್ಕೆ ತಂಪೆನಿಸುತ್ತಿತ್ತು. ಹುಡುಗಿ ಹೋದ ಮೇಲೆ ಆ ಉಸಿಪಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಳಿಗೆ ಹಾಕುತ್ತಿದ್ದಳು.

ಆ ಮಂಗಳವಾರವೂ ತಾವೊಂಗಾ ಬಂದಳು. ಕಣ್ಣು ಹೊಳೆಯುತ್ತಿದ್ದವು.

"ಅಮ್ಮಾ, ಭಾನುವಾರ ನನ್ನನ್ನ ಚರ್ಚಿನ ಸಭೆಗೆ ಸೇರಿಸ್ಕೊಳ್ತಾರಂತೆ. ಪಕ್ಕದಲ್ಲಿ ನಿಲ್ಲೋಕೆ ಒಬ್ಬರು ಬೇಕಂತೆ, ತಾಯಿ ಥರ. ನಾನು ನಿಮ್ಮ ಹೆಸರು ಕೊಟ್ಟೆ. ಬೈಬೇಡಿ, ಕೇಳದೇನೇ ಕೊಟ್ಬಿಟ್ಟೆ."

ನ್ಯಾಲುಂಗು ಹೆಣೆಯುತ್ತಿದ್ದ ಕೂದಲು ಕೈಯಿಂದ ಜಾರಿತು. ಮತ್ತೆ ಹಿಡಿದುಕೊಂಡಳು.

"ಎಲ್ಲರ ಮುಂದೆ ನಾನು ಸಾಕ್ಷಿ ಹೇಳ್ಬೇಕು. ಹೇಳ್ತೀನಿ. ನಮ್ಮಮ್ಮ ಸಾಯೋ ದಿನ ಚರ್ಚಿಗೆ ಬೀಗ ಹಾಕಿತ್ತು, ಆದ್ರೆ ಚರ್ಚು ಕಾಲಲ್ಲಿ ನಡ್ಕೊಂಡು ನಮ್ಮ ಬಾಗಿಲಿಗೆ ಬಂದಿತ್ತು ಅಂತ. ಚೆನ್ನಾಗಿದ್ಯಾ? ನಿಮ್ಮ ಮಾತೇ ಕದ್ದಿದ್ದೀನಿ." ಹುಡುಗಿ ನಕ್ಕಳು. "ಅಯ್ಯೋ, ಯಾಕಮ್ಮಾ ಅಷ್ಟು ಬಿಗೀತೀರಾ, ನೋಯುತ್ತೆ!"

ಮರುದಿನ ನ್ಯಾಲುಂಗು ಸಭೆಯ ಹಿರಿಯ ಕಯಿರಾ ಅವರ ಬಳಿ ಹೋದಳು. ಅವರು ಚರ್ಚಿನ ಹಿಂದೆ ಬೆಂಚಿಗೆ ಮೊಳೆ ಹೊಡೆಯುತ್ತಿದ್ದರು. ಉಗ್ರಾಣದ ಬಾಗಿಲು ಮುಚ್ಚಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಕಯಿರಾ ಬಾಯಲ್ಲಿದ್ದ ಮೊಳೆಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು.

"ತಾಯಿ, ನೀನು ಕೇಳಿಸ್ಕೊಂಡಿದ್ದು ಗಾಳಿ ಇರ್ಬಹುದು."

"ಗಾಳಿ ಅಲ್ಲ."

"ಮೂರು ಸಲ ಕರೆದ್ಯಲ್ಲ? ಅದು ನಿಜ ತಾನೆ?"

"ನಿಜ."

"ಮತ್ತೆ ಮುಗೀತು. ಒಬ್ಬ ಮನುಷ್ಯ ಮಾಡ್ಬೇಕಾದ್ದು ಅಷ್ಟೇ." ಅವರು ದನಿ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಸಮಾಧಾನ ಹೇಳುತ್ತಿದ್ದೇನೆಂದೇ ನಂಬಿದ್ದರು. "ನೋಡು, ಆ ಹುಡುಗಿ ಒಂದು ಹುಲ್ಲುಕಡ್ಡಿ ಹಿಡ್ಕೊಂಡು ದಡಕ್ಕೆ ಬರ್ತಿದೆ. ಆ ಕಡ್ಡಿ ನೀನು. ಈಗ ಹೋಗಿ ಮುರೀತೀಯಾ? ದೇವರಿಗೆ ಹೇಳ್ಕೋ. ಅವನಿಗೆ ಹೇಳಿದ್ರೆ ಸಾಕು."

"ಅವನು ಅಲ್ಲೇ ಇದ್ದ, ಅಯ್ಯಾ. ಅವನಿಗೆ ಗೊತ್ತಿರೋದೇ ಹೇಳೋದು ಏನು ದೊಡ್ಡಸ್ತಿಕೆ?"

ಅವರು ಮೊಳೆಯನ್ನು ಮತ್ತೆ ಬಾಯಲ್ಲಿಟ್ಟುಕೊಂಡರು. ಅವಳ ಬೆನ್ನ ಹಿಂದೆ, ಉಗ್ರಾಣದ ಒಳಗಿನಿಂದ, ಮುದ್ದೆ ತಿರುವುವವಳ ದನಿ ಮೆಲ್ಲಗೆ ಕರೆಯಿತು. ಕಯಿರಾ ಮೊಳೆ ಹೊಡೆಯುತ್ತಲೇ ಇದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ನ್ಯಾಲುಂಗು ದಂಡೆಗುಂಟ ನಡೆದು ಹೋದಳು. ಹುಡುಗಿಯನ್ನು ಕಳೆದುಕೊಳ್ಳಲು ಹೋಗುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಬಟ್ಟೆ ಒಗೆಯುವವರು ಮಾತಾಡಿಸಿದರು. ಏನು ಉತ್ತರ ಕೊಟ್ಟಳೋ ನೆನಪಿಲ್ಲ. ಅಂಗಳದಲ್ಲಿ ಜೊಂಡಿನ ತಟ್ಟಿಗಳ ಮೇಲೆ ಉಸಿಪಾ ಹರಡಿ ಬಿಸಿಲಿಗೆ ಮಿಂಚುತ್ತಿತ್ತು. ಮನೆಯ ಬಾಗಿಲು ಮುಚ್ಚಿತ್ತು. ಅದೇ ಬಾಗಿಲು.

ಐದು ತಿಂಗಳಲ್ಲಿ ಅವಳು ಅಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ. ಕಾಲು ತಾವಾಗಿ ಅದೇ ಜಾಗದಲ್ಲಿ ನಿಂತವು, ಬಾಗಿಲಿನಿಂದ ಮೂರು ಹೆಜ್ಜೆ.

"ಹೋಡಿ," ಎಂದಳು.

"ಹೋಡಿನಿ," ಎಂದಿತು ಒಳಗಿನ ದನಿ.

ಅದೇ ದನಿ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ಇಳಿತ. ನ್ಯಾಲುಂಗುವಿನ ಕಾಲು ತಿರುಗಲು ನೋಡಿದವು. ಅವಳು ಮರಳಿನಲ್ಲಿ ಕಾಲ್ಬೆರಳನ್ನು ಊರಿ ನಿಂತಳು.

"ಯಾರು? ಬನ್ನಿ ಒಳಗೆ, ಯಾಕೆ ನಿಂತ್ರಿ?" ಬಾಗಿಲು ತೆರೆಯಿತು. ತಾವೊಂಗಾ. ಮೊಣಕೈವರೆಗೆ ಮೀನಿನ ಹುರುಪೆ. "ಅಯ್ಯೋ ಅಮ್ಮಾ, ನೀವಾ! ನಮ್ಮ ಮನೆಗೆ ಬಂದ್ರಾ!"

ತಾಯಿಯ ದನಿ ಮಗಳಿಗೆ ಬಂದಿತ್ತು, ಅಷ್ಟೇ. ಅಷ್ಟೇ ಎಂದುಕೊಂಡರೂ ನ್ಯಾಲುಂಗು ಮರಳಿನ ಮೇಲೆ ಕುಳಿತುಬಿಟ್ಟಳು.

"ಒಳಗೆ ಕರೀಬೇಡ ನನ್ನನ್ನ. ಮೊದಲು ಕೇಳು. ಆವತ್ತು ನಾನು ಮೂರು ಸಲ ಕರೆದೆ. ನಿಮ್ಮಮ್ಮ ಉತ್ತರ ಕೊಟ್ಟಳು."

ತಾವೊಂಗಾ ನಗುತ್ತಲೇ ಇದ್ದಳು. ಮಾತು ಇನ್ನೂ ಅವಳನ್ನು ಮುಟ್ಟಿರಲಿಲ್ಲ.

"ಬದುಕಿದ್ದಳು, ಮಗಳೇ. ಹೋಡಿನಿ ಅಂದಳು. ನನ್ನ ಕೈಯಲ್ಲಿ ನೀರಿತ್ತು. ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡು ತಿರುಗಿ ಹೋದೆ. ಆಮೇಲೆ ಎಲ್ಲರಿಗೂ ಸುಳ್ಳು ಹೇಳಿದೆ. ನಿನಗೂ."

ಗಾಳಿಗೆ ತಟ್ಟಿಯ ಜೊಂಡು ಕಿರ್ರೆಂದಿತು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿದಳು. ಕೇಳಿದಾಗ ದನಿ ಬಹಳ ಸಣ್ಣದಾಗಿತ್ತು.

"ಹೇಗೆ ಅಂದಳು?"

"ಏನು?"

"ಹೇಗೆ ಅಂದಳು ಅಂತ ಕೇಳ್ತಿದ್ದೀನಿ. ಅಳ್ತಾ ಅಂದಳಾ? ಕಿರುಚಿ ಅಂದಳಾ?"

"ಇಲ್ಲ, ಕಣೇ. ನೆಂಟರು ಬಂದ್ರೆ ಅಂತಾರಲ್ಲ, ಹಾಗೆ."

"ಅಂದು ತೋರ್ಸಿ."

"ತಾವೊಂಗಾ..."

"ಅಮ್ಮನ ಕೊನೇ ಮಾತು ನಿಮ್ಮ ಹತ್ರ ಇಟ್ಕೊಂಡಿದ್ರಿ. ಐದು ತಿಂಗಳು. ನನ್ನ ತಲೆ ಬಾಚ್ತಾ ಇಟ್ಕೊಂಡಿದ್ರಿ. ಕೊಡಿ ಈಗ."

ನ್ಯಾಲುಂಗು ಅಂದಳು. ತನ್ನ ದನಿಯಲ್ಲಿ ಬಂತು.

"ಹಾಗಲ್ಲ, ಅವಳು ಹಾಗೆ ಎಳೀತಿರ್ಲಿಲ್ಲ. ಇನ್ನೊಂದ್ ಸಲ."

ಮತ್ತೆ ಅಂದಳು. ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. "ಇನ್ನೊಂದ್ ಸಲ." ನಾಲ್ಕನೆಯ ಸಲವೋ ಐದನೆಯ ಸಲವೋ, ನ್ಯಾಲುಂಗುವಿನ ಗಂಟಲಿನಿಂದ ಅವಳದಲ್ಲದ ದನಿ ಹೊರಟಿತು. ಎಳೆತ ಸರಿಯಾಗಿತ್ತು. ಕೊನೆಯ ಸಣ್ಣ ಇಳಿತವೂ ಸರಿಯಾಗಿತ್ತು. ತಾವೊಂಗಾ ಕಣ್ಣು ಮುಚ್ಚಿ, ಬಾಯಿಗೆ ಮೀನಿನ ಕೈಯನ್ನೇ ಅಡ್ಡ ಹಿಡಿದಳು.

ಕಣ್ಣು ತೆರೆದಾಗ ಅವು ಒಣಗಿದ್ದವು.

"ಆವತ್ತು ದೇವರು ಎಲ್ಲಿದ್ದ, ಅಮ್ಮಾ? ನಿಮ್ಮ ಜೊತೆ ಹೊರಗಾ? ಅವಳ ಜೊತೆ ಒಳಗಾ?"

"ಒಳಗೆ," ಎಂದಳು ನ್ಯಾಲುಂಗು.

"ಹಂಗಾದ್ರೆ ಏಳಿ. ಒಳಗೆ ನಡೀರಿ."

ಒಳಗೆ ಕತ್ತಲೆ, ಹೊಗೆ ಹಿಡಿದ ಗೋಡೆ, ಒಂದು ಚಾಪೆ. ತಾವೊಂಗಾ ಚಾಪೆಯ ಕಡೆ ಬೆರಳು ಮಾಡಿದಳು. ನ್ಯಾಲುಂಗು ಕುಳಿತಳು. ಹುಡುಗಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವಳ ದನಿ ಬಂತು. "ಹೋಡಿ."

ನ್ಯಾಲುಂಗುವಿಗೆ ಏನು ಮಾಡುವುದೋ ತಿಳಿಯಲಿಲ್ಲ.

"ಹೋಡಿ."

ಚಾಪೆಯ ಮೇಲಿಂದ ನೋಡಿದರೆ ಬಾಗಿಲಿಗೂ ನೆಲಕ್ಕೂ ನಡುವೆ ಎರಡು ಬೆರಳು ಸಂದು. ಆ ಸಂದಿನಲ್ಲಿ ಬಿಸಿಲು. ಬಿಸಿಲಿನಲ್ಲಿ ಎರಡು ಕಾಲಿನ ನೆರಳು. ಆಗ ಅವಳಿಗೆ ಹೊಳೆಯಿತು, ಇದನ್ನು ನ್ಯಾಹಾರಾ ನೋಡಿದ್ದಳು. ಬಂದವರ ಕಾಲು ನೋಡಿದ್ದಳು. ಉತ್ತರ ಕೊಟ್ಟ ಮೇಲೂ ಆ ಕಾಲು ನಿಂತೇ ಇದ್ದುದನ್ನು, ಆಮೇಲೆ ತಿರುಗಿದ್ದನ್ನು ನೋಡಿದ್ದಳು. ಬಾಗಿಲು ತೆರೆಯಲು ಬರುತ್ತಿಲ್ಲವೇನೋ ಪಾಪ, ಅಗುಳಿ ಬಿಗಿಯಾಗಿದೆಯೇನೋ ಎಂದುಕೊಂಡು, ತಾನೇ ತೆರೆಯೋಣವೆಂದು ತೆವಳಿದ್ದಳು.

"ಹೋಡಿ." ಮೂರನೆಯದು.

"ಹೋಡಿನಿ," ಎಂದಳು ನ್ಯಾಲುಂಗು, ನೆಲದ ಮಟ್ಟದಿಂದ.

ನೆರಳು ಕದಲಲಿಲ್ಲ. ಆಮೇಲೆ ತಿರುಗಿತು. ಮರಳಿನಲ್ಲಿ ಹೆಜ್ಜೆ ದೂರವಾದವು.

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿರಲಿಲ್ಲ, ಎದ್ದು ಹೋಗಬಹುದಿತ್ತು. ನ್ಯಾಲುಂಗು ಏಳಲಿಲ್ಲ. ಸಂದಿನ ಬಿಸಿಲು ಹೊಸಿಲಿನಿಂದ ಒಳಗೆ ಒಂದು ಗೇಣು ಸರಿಯಿತು. ಹೊರಗೆ ಯಾರೋ ಹೆಂಗಸರು ನಗುತ್ತ ನಡೆದು ಹೋದರು. ಒಂದು ದೋಣಿ ದಡಕ್ಕೆ ಬಂದ ಸದ್ದು, ಮೀನಿಗೆ ಚೌಕಾಸಿ ಮಾಡುವ ಸದ್ದು. ಲೋಕ ಎಷ್ಟು ಹತ್ತಿರವಿತ್ತು! ಒಬ್ಬರು ಕೈ ಚಾಚಿದರೆ ಸಾಕಿತ್ತು. ಅವಳು ನಡುನಡುವೆ "ಹೋಡಿನಿ" ಎನ್ನುತ್ತಿದ್ದಳು. ಮೊದಲು ತಾವೊಂಗಾಗೆಂದು, ಆಮೇಲೆ ಯಾರಿಗೆಂದು ತಿಳಿಯದೆ. ಹಾಗೆ ಅಂದಾಗಲೆಲ್ಲ ಗೋಡೆಯ ಮೂಲೆಯಲ್ಲಿ ಯಾರೋ ಜೊತೆಗೆ ತುಟಿಯಾಡಿಸಿದಂತೆ ಅನಿಸುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು, ಜಾಗ ಬಿಟ್ಟು ಕೂತಳು.

ಬಿಸಿಲು ಚಾಪೆಯ ಅಂಚಿಗೆ ಬಂದಾಗ ಬಾಗಿಲು ಧಡಾರನೆ ತೆರೆಯಿತು. ಕರೆಯಿಲ್ಲ, ಏನಿಲ್ಲ.

"ಹೋಗ್ಲಿಲ್ವಾ ಇನ್ನೂ?" ಎಂದಳು ತಾವೊಂಗಾ. ಮುಖ ಅತ್ತು ಊದಿತ್ತು.

"ಹೋಡಿ ಅನ್ನದೇ ಬಂದುಬಿಟ್ಯಲ್ಲೇ," ಎಂದಳು ನ್ಯಾಲುಂಗು.

"ನನ್ನ ಮನೆಗೆ ನಾನು ಬರೋಕೆ ಯಾರನ್ನ ಕೇಳ್ಬೇಕು?" ಹುಡುಗಿ ಎದುರು ಗೋಡೆಗೆ ಬೆನ್ನು ಕೊಟ್ಟು ಕುಸಿದು ಕುಳಿತಳು. "ಸರೋವರದವರೆಗೂ ಹೋದೆ. ನೀವು ಕೂಗ್ತಿದ್ದದ್ದು ಅಲ್ಲಿಗೂ ಕೇಳಿಸ್ತಾ ಇತ್ತು."

ಅಷ್ಟು ದೂರಕ್ಕೆ ಆ ಪಿಸುದನಿ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

"ನಾಳೆ..." ಎಂದಳು ನ್ಯಾಲುಂಗು.

"ನಾಳೆ ನಾನು ಚರ್ಚಿನೊಳಗೆ ಸಾಕ್ಷಿ ಹೇಳಲ್ಲ. ಅವಳನ್ನ ಹೊರಗೆ ಹಾಕಿದ ಜಾಗದಲ್ಲಿ ನಿಂತು ಅವಳ ಮಾತು ಹೇಳಲ್ಲ." ಹುಡುಗಿ ಮೂಗು ಒರೆಸಿಕೊಂಡಳು. "ಅವರೇ ಬರ್ಲಿ ಇಲ್ಲಿಗೆ. ಹಿರಿಯರು, ಸಂಘದೋರು, ಎಲ್ಲ. ಈ ಅಂಗಳದಲ್ಲಿ ನಿಂತು ಕರೀಲಿ. ನಾನು ಒಳಗಿಂದ ಉತ್ತರ ಕೊಡ್ತೀನಿ. ಆಮೇಲೆ ನೀವು ಅವರಿಗೆ ಹೇಳ್ಬೇಕು. ನನಗೆ ಹೇಳಿದ್ರಲ್ಲ, ಹಾಗೇ. ಒಂದು ಮಾತೂ ಬಿಡದ ಹಾಗೆ."

"ಅವರು ಬರದೇ ಹೋದ್ರೆ?"

"ಲೋನೆಸತ್ತೆ ಬಂದೇ ಬರ್ತಾಳೆ, ಏನು ನಡೀತಿದೆ ಅಂತ ನೋಡೋಕಾದ್ರೂ." ತುಟಿಯ ಕೊನೆ ಒಂದು ಕ್ಷಣ ನಡುಗಿತು, ನಗುವಾಗಲಿಲ್ಲ. "ನಿಮ್ಮನ್ನ ಕ್ಷಮಿಸಿದ್ದೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಗೊತ್ತಿಲ್ಲ ನನಗೆ ಅದು. ಬರುತ್ತೋ ಇಲ್ವೋ."

"ಬರದೇ ಇದ್ರೂ ನಾನು ಬರ್ತೀನಿ. ನಾಳೆ. ಆಮೇಲೂ."

ಹೊರಗೆ ಕಾಗೆಗಳು ತಟ್ಟಿಯ ಮೇಲೆ ಇಳಿದ ಸದ್ದಾಯಿತು. ತಾವೊಂಗಾ ಚಂಗನೆ ಎದ್ದು, "ಹುಶ್! ಹಾಳಾದವು!" ಎನ್ನುತ್ತ ಓಡಿದಳು. ಹೊಸಿಲಲ್ಲಿ ನಿಂತು ಹಿಂದಕ್ಕೆ ನೋಡಿ, "ಮೀನು ಮಗುಚ್ಬೇಕು, ಒಂದು ಕಡೆ ಸುಟ್ಟೇ ಹೋಗಿರುತ್ತೆ. ಬನ್ನಿ," ಎಂದಳು. ಅಮ್ಮಾ ಎನ್ನಲಿಲ್ಲ.

ನ್ಯಾಲುಂಗು ಗೋಡೆ ಹಿಡಿದು ಎದ್ದಳು. ಕಾಲು ಜೋಮು ಹಿಡಿದಿತ್ತು. ಬಿಸಿಲಿಗೆ ಬಂದು, ತಟ್ಟಿಯ ಆ ಬದಿಗೆ ನಿಂತು, ಎರಡೂ ಕೈಯಿಂದ ಉಸಿಪಾ ಮಗುಚತೊಡಗಿದಳು. ಈ ಬದಿಯಲ್ಲಿ ಹುಡುಗಿ. ಒಣಮೀನಿನ ಸರಸರ ಸದ್ದೊಂದೇ, ಇಬ್ಬರ ಕೈಯೂ ತಟ್ಟಿಯ ನಡುವಿಗೆ ಬರುವವರೆಗೆ.